ಅಕ್ಕ ಕೂತ ಸೀಟು

ದೀಪ ಮೊದಲ ಸಲ ಹೊತ್ತಿಕೊಂಡ ಸಂಜೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಅಲ್ಲ, ನಗುವ ವಿಷಯವೇ ಅದು? ಆದರೆ ಪಾಪ, ಅವರಿಗಾದರೂ ಏನು ಗೊತ್ತಿತ್ತು!

ಗ್ಯಾರೇಜಿನ ಶಟರ್ ಎಳೆದು ಮನೆಗೆ ಹೊರಟಿದ್ದರು. ಸ್ಟೀರಿಂಗ್ ಹಿಡಿದವನು ಭಾವ. ಎಂಜಿನ್ ಕೆಲಸದವನು, ಕೈತುಂಬ ಗ್ರೀಸು, ಬಾಯಿತುಂಬ ತಮಾಷೆ. ಅವನ ಪಕ್ಕದ ಸೀಟಿನಲ್ಲಿ ಅವನ ಹೆಂಡತಿ. ಗ್ಯಾರೇಜಿನ ಒಂದು ಮೂಲೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು ಅವಳ ಕೆಲಸ. ಹಿಂದೆ ಕಾಲು ಚಾಚಿಕೊಂಡು ಕೂತವನು ಅವಳ ತಮ್ಮ. ಕಾರಿನ ವೈರಿಂಗ್ ಕೆಲಸದವನಾದ್ದರಿಂದ ಬೀದಿಯವರೆಲ್ಲ ಅವನನ್ನು ಕರೆಂಟು ಎನ್ನುತ್ತಿದ್ದರು. ಅವನ ಸಿಟ್ಟನ್ನು ಕಂಡವರು ಆ ಹೆಸರಿಗೆ ಇನ್ನೊಂದು ಕಾರಣವನ್ನೂ ಹೇಳುತ್ತಿದ್ದರು. ಪುಟ್ಟ ಎಂದು ಕರೆಯುವವಳು ಜಗತ್ತಿನಲ್ಲಿ ಅಕ್ಕ ಒಬ್ಬಳೇ. ತಾಯಿ ಹೋದಾಗ ಅವನಿಗಿನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಎತ್ತಿ ಆಡಿಸಿ, ಹೊಡೆದು ಬಡಿದು, ತುತ್ತು ಕೊಟ್ಟು ಬೆಳೆಸಿದವಳು ಅವಳು. ಮದುವೆಯ ಮಾತು ಬಂದಾಗಲೂ, "ಇವನನ್ನ ಬಿಟ್ಟು ನಾನು ಬರಲ್ಲ, ಬೇಕಾದ್ರೆ ಇಬ್ಬರನ್ನೂ ಕರ್ಕೊಂಡು ಹೋಗಿ" ಎಂದಿದ್ದಳಂತೆ. ಭಾವ ಇಬ್ಬರನ್ನೂ ಕರೆದುಕೊಂಡು ಬಂದ.

ಕಾರು ಅವರದೇ. ಎಲ್ಲೋ ನೆರೆಯಲ್ಲಿ ಮುಳುಗಿ ಎದ್ದದ್ದನ್ನು ಭಾವ ಎಳೆದು ತಂದು ಎಂಜಿನ್ ಬಿಚ್ಚಿ ಕಟ್ಟಿದ್ದ. ಕರೆಂಟು ವೈರಿಂಗ್ ಎಳೆದಿದ್ದ. ಅಕ್ಕ ಸೀಟು ಹೊಲಿದಿದ್ದಳು. ಹಾಗಾಗಿ ಅದರ ಮೇಲೆ ಮೂವರಿಗೂ ಮಮತೆ, ಜೊತೆಗೆ ಒಳಗೊಳಗೇ ಒಂದು ಅನುಮಾನ. ನೀರು ಕುಡಿದ ಕಾರು ಯಾವಾಗ ಕೈಕೊಡುತ್ತದೋ ಯಾರು ಬಲ್ಲರು?

ಸಿಗ್ನಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ನಡುವೆ ಸಣ್ಣದೊಂದು ಹಳದಿ ದೀಪ ಹೊತ್ತಿಕೊಂಡಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಬಂದ್ ಆಗಿದೆ ಎಂದು ಅದರ ಅರ್ಥ.

"ಏನೋ ಇದು, ಹೊಸ ರಾಗ?" ಎಂದ ಭಾವ.

ಕರೆಂಟು ಮುಂದಕ್ಕೆ ಬಾಗಿ ನೋಡಿದ. "ಪಕ್ಕದ ಸೀಟಲ್ಲಿ ಮಗು ಕೂತಿದೆ ಅಂದ್ಕೊಂಡಿದೆ ಭಾವ. ಸೀಟಿನ ಸ್ಪಂಜಿನ ಕೆಳಗೆ ತೂಕ ನೋಡೋ ಚಾಪೆ ಒಂದಿರುತ್ತೆ. ದೊಡ್ಡೋರು ಕೂತ್ರೆ ಸುಮ್ನಿರುತ್ತೆ. ಮಕ್ಕಳು ಕೂತ್ರೆ, ಏನಾದ್ರೂ ಡಿಕ್ಕಿಯಾದಾಗ ಏರ್‌ಬ್ಯಾಗ್ ಬಂದು ಬಡಿದು ಎಳೇ ಕತ್ತು ಮುರಿದೀತು ಅಂತ, ತಾನೇ ಅದನ್ನ ಬಂದ್ ಮಾಡಿ ದೀಪ ಹಚ್ಚುತ್ತೆ."

"ಓಹೋಹೋ! ನಮ್ಮ ಯಜಮಾನ್ತಿ ಕಾರಿನ ಕಣ್ಣಿಗೆ ಮಗು! ಏನೇ ಪಾಪು, ಚಾಕಲೇಟ್ ಕೊಡಿಸ್ಲಾ?"

"ರೀ, ಸುಮ್ನೆ ರಸ್ತೆ ನೋಡ್ಕೊಂಡು ಓಡಿಸ್ರಿ" ಎಂದು ಅಕ್ಕ ಅವನ ತೋಳಿಗೆ ಗುದ್ದಿದಳು. ಮೂವರೂ ನಕ್ಕರು. ಮೊದಲೇ ಅವಳದು ಪುಟ್ಟ ಗಾತ್ರ, ನಿಂತರೆ ಭಾವನ ಎದೆಗೆ ಬರುತ್ತಿದ್ದಳು. ಅಂದಿನಿಂದ ಗ್ಯಾರೇಜಿನಲ್ಲೂ ಮನೆಯಲ್ಲೂ ಭಾವ ಅವಳನ್ನು ಪಾಪು ಎಂದೇ ಕರೆಯತೊಡಗಿದ. ನಗು ನಿಂತ ಮೇಲೂ ಅಕ್ಕ ಮನೆ ಬರುವ ತನಕ ಆ ದೀಪವನ್ನೇ ನೋಡುತ್ತಿದ್ದಳು.

ಅಕ್ಕ ಸಣ್ಣಗಾಗುತ್ತಿದ್ದಳು. ಇದನ್ನು ಬಚ್ಚಿಟ್ಟುಕೊಂಡು ಕತೆ ಹೇಳುವುದರಲ್ಲಿ ಏನೂ ಅರ್ಥವಿಲ್ಲ, ಈಗಲೇ ಹೇಳಿಬಿಡುತ್ತೇನೆ. ದೀಪ ಹೇಳುತ್ತಿದ್ದದ್ದು ನಿಜ. ಬೇರೆ ಹೆಂಗಸಾಗಿದ್ದರೆ ಬಟ್ಟೆ ಜೋಲಾಡುತ್ತಿತ್ತು, ಎದುರು ಸಿಕ್ಕವರು "ಏನ್ರೀ ಇಷ್ಟು ಇಳಿದುಹೋಗಿದ್ದೀರಿ" ಎನ್ನುತ್ತಿದ್ದರು, ಮನೆಯವರ ಕಣ್ಣು ತೆರೆಯುತ್ತಿತ್ತು. ಅಕ್ಕನ ಬಟ್ಟೆ ಒಂದು ದಿನವೂ ಜೋಲಾಡಲಿಲ್ಲ. ಸೂಜಿದಾರದ ಜೊತೆ ಬಾಳಿದವಳು. ಬಟ್ಟೆ ಚೂರು ದೊಗಳೆಯಾಯಿತು ಅನ್ನಿಸಿದ ದಿನವೇ ಒಳಗಡೆ ಒಂದು ಹೊಲಿಗೆ ಹಾಕಿ ಬಿಗಿ ಮಾಡಿಕೊಂಡುಬಿಡುತ್ತಿದ್ದಳು. ಏನನ್ನೋ ಮುಚ್ಚಿಡಬೇಕೆಂದಲ್ಲ. ಸಡಿಲವಾದದ್ದು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೇ. ಬಟ್ಟೆ ಮೈಗೆ ಸರಿಯಾಗಿ ಕೂತಿದ್ದರೆ ಮೈಯೂ ನೆಟ್ಟಗಿದೆ ಎಂದೇ ನೋಡುವವರ ಎಣಿಕೆ. ಅದರಲ್ಲೂ ದಿನಾ ಮುಖ ನೋಡುವವರಿಗೆ ಮುಖವೇ ಕಾಣಿಸುವುದಿಲ್ಲ.

ದೀಪ ಮಾರನೆಯ ಸಂಜೆಯೂ ಬಂತು. ಅದರ ಮರುದಿನವೂ ಬಂತು. ಬೆಳಿಗ್ಗೆ ಗ್ಯಾರೇಜಿಗೆ ಹೋಗುವಾಗ ಮಾತ್ರ ಇಲ್ಲ, ವಾಪಸು ಬರುವಾಗ ತಪ್ಪದೆ ಹಾಜರು.

ಇಂಥದ್ದೆಂದರೆ ಕರೆಂಟಿಗೆ ಹಬ್ಬ. ಪೂರ್ತಿ ಕೆಟ್ಟದ್ದನ್ನು ಯಾರಾದರೂ ಹುಡುಕುತ್ತಾರೆ. ಒಮ್ಮೆ ಬಂದು ಒಮ್ಮೆ ಮಾಯವಾಗುವ ಕಳ್ಳ ಕಾಯಿಲೆಯನ್ನು ಹಿಡಿಯುವವನೇ ನಿಜವಾದ ವೈರಿಂಗ್ ಕೆಲಸಗಾರ ಎಂಬುದು ಅವನ ಗರ್ವ. ಗರ್ವಕ್ಕೆ ಕಾರಣವೂ ಇತ್ತು ಅನ್ನಿ. ದೊಡ್ಡ ದೊಡ್ಡ ಶೋರೂಮಿನವರು ಕೈಚೆಲ್ಲಿ ಕಳಿಸಿದ ಗಾಡಿಗಳು ಅವನ ಬಾಗಿಲಿಗೆ ಬಂದು ರಿಪೇರಿಯಾಗಿ ಹೋಗಿದ್ದವು. ಅವನು ಇಲ್ಲಿ ತಪ್ಪಿದೆ ಎಂದು ಬೆರಳಿಟ್ಟರೆ ಅಲ್ಲೇ ತಪ್ಪಿರುತ್ತಿತ್ತು.

"ಬೆಳಿಗ್ಗೆ ಇಲ್ಲ, ಸಂಜೆ ಇದೆ. ಅಂದ್ರೆ ಇದು ಬಿಸಿಲಿನ ಆಟ" ಎಂದು ಅವನು ಲೆಕ್ಕ ಹಾಕಿದ. "ಇಡೀ ದಿನ ಕಾರು ಅಂಗಳದಲ್ಲಿ ಕಾಯುತ್ತೆ. ಬಿಸಿಗೆ ಕನೆಕ್ಟರ್ ಹಿಗ್ಗಿ ಸಡಿಲ ಆಗುತ್ತೆ. ರಾತ್ರಿ ತಣ್ಣಗಾದ್ರೆ ಮತ್ತೆ ಕೂಡಿಕೊಳ್ಳುತ್ತೆ."

ಕೇಳಿದರೆ ಯಾರಾದರೂ ಹೌದೆನ್ನಬೇಕು, ಅಷ್ಟು ಚೆನ್ನಾದ ಲೆಕ್ಕ. ಆದರೆ ಬೆಳಿಗ್ಗೆಗೂ ಸಂಜೆಗೂ ಇನ್ನೊಂದು ವ್ಯತ್ಯಾಸವಿತ್ತು. ಬೆಳಿಗ್ಗೆ ಹೋಗುವಾಗ ಮೂವರ ಮಧ್ಯಾಹ್ನದ ಊಟ ತುಂಬಿದ ಸ್ಟೀಲಿನ ಕ್ಯಾರಿಯರ್, ಅದರ ಜೊತೆ ನೀರಿನ ದೊಡ್ಡ ಬಾಟಲಿ, ಎಲ್ಲ ಅಕ್ಕನ ತೊಡೆಯ ಮೇಲಿರುತ್ತಿತ್ತು. ಸಂಜೆ ಬರುವಾಗ ಡಬ್ಬಿಗಳು ಖಾಲಿ, ಬಾಟಲಿ ಖಾಲಿ. ದೊಡ್ಡವರಿಗೂ ಮಕ್ಕಳಿಗೂ ನಡುವಿನ ಗೆರೆಯ ಮೇಲೆ ಅಕ್ಕ ಬಂದು ನಿಂತಿದ್ದಳು. ಊಟದ ಭಾರವಿದ್ದಾಗ ಗೆರೆಯ ಈಚೆ, ಇಲ್ಲದಾಗ ಆಚೆ. ಅಷ್ಟು ದಿನ ಹಿಂದಿನ ಸೀಟಿನಲ್ಲಿ ಕೂತು ಅದನ್ನೇ ನೋಡುತ್ತಿದ್ದವನಿಗೆ ಇದು ಹೊಳೆಯಲಿಲ್ಲ. ಕ್ಯಾರಿಯರ್ ಕಾರಿನ ಭಾಗವಲ್ಲವಲ್ಲ!

ಸ್ಕ್ಯಾನರ್ ಹಚ್ಚಿ ನೋಡಿದ. ಕಾರಿನ ಕಂಪ್ಯೂಟರ್ ಯಾವ ದೋಷವೂ ಇಲ್ಲ ಎಂದಿತು. ಅಳಿಸಿ ಮತ್ತೆ ಕೇಳಿದ. ಇಲ್ಲ ಎಂದಿತು. ಸೀಟನ್ನು ಹಿಂದೆ ಮುಂದೆ ಜಾರಿಸಿ, ವೈರುಗಳನ್ನು ಅಲ್ಲಾಡಿಸಿ ಕೇಳಿದ. ಆಗಲೂ ಇಲ್ಲ. ಅವನಿಗೆ ರೇಗಿಹೋಯಿತು.

"ಸುಳ್ಳು ಬೊಗಳುತ್ತೆ ಮುಂಡೇದು. ದೀಪ ಹಚ್ಚೋದು ತಾನೇ, ಏನೂ ಆಗಿಲ್ಲ ಅನ್ನೋದೂ ತಾನೇ!"

ಒಂದು ಮಧ್ಯಾಹ್ನ ಭಾವ ಗಿಯರ್‌ಬಾಕ್ಸ್ ತರಲು ಹೋಗಿದ್ದಾಗ ಅಕ್ಕ ಮೆಷಿನ್ನಿನ ಮುಂದೆ ಕೈಕಟ್ಟಿ ಕೂತಿದ್ದಳು. ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಊಟದ ತಟ್ಟೆ ಪಕ್ಕದಲ್ಲಿ ಹಾಗೆಯೇ ಇತ್ತು.

"ಯಾಕಕ್ಕ, ತಿಂದಿಲ್ಲ?"

"ಇಳಿಯಲ್ಲ ಕಣೋ. ಎರಡು ತುತ್ತಿಗೇ ಹೊಟ್ಟೆ ಕಟ್ಟಿದ ಹಾಗಾಗುತ್ತೆ. ಕೆಲವು ದಿನದಿಂದ ಹೀಗೇ." ಅವಳು ದನಿ ತಗ್ಗಿಸಿದಳು. "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರೋಣ ಅಂತಿದ್ದೀನಿ. ನಿಮ್ಮ ಭಾವಂಗೆ ಹೇಳ್ಬೇಡ, ಊರೆಲ್ಲ ಒಂದು ಮಾಡ್ತಾರೆ. ಪುಟ್ಟ, ಆ ದೀಪ ಇದೆಯಲ್ಲ... ಅದು ನಿಜವಾಗ್ಲೂ ಕೆಟ್ಟಿದೆಯಾ? ನಾನೇ ಸಣ್ಣಗಾಗಿದ್ದೀನೇನೋ ಅಂತ ಭಯ ನನಗೆ."

ಇಷ್ಟು ಸ್ಪಷ್ಟವಾಗಿ ಕೇಳಿದಳು! ಇದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕಿತ್ತು ಆ ಹೆಂಗಸು? ಕಣ್ಣೆತ್ತಿ ಒಂದು ಸಲ ಅವಳ ಕುತ್ತಿಗೆಯ ಕಡೆ ನೋಡಿದ್ದರೆ ಸಾಕಿತ್ತು. ಅವನು ಕಾರಿನ ಕಡೆ ನೋಡಿದ.

"ಹುಚ್ಚಕ್ಕ! ಅದಕ್ಕೂ ನಿನಗೂ ಏನು ಸಂಬಂಧ? ಮುಳುಗಿದ ಕಾರು ಅದು, ಕನೆಕ್ಟರ್ ಕೊಳೆತಿರುತ್ತೆ. ಇವತ್ತು ಸೀಟು ಬಿಚ್ಚಿ ಕಳ್ಳನನ್ನ ಹಿಡಿದು ನಿನ್ನ ಕೈಗೇ ಕೊಡ್ತೀನಿ, ನೋಡ್ತಿರು."

ಆಗಲೇ ಕೆಲಸಕ್ಕೆ ಇಳಿದ. ಬ್ಯಾಟರಿಯ ತಂತಿ ಕಳಚಿದ. ಒಳಗೆ ಉಳಿದ ಕರೆಂಟು ಇಳಿಯಲೆಂದು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಕಾದ. ಏರ್‌ಬ್ಯಾಗಿನ ವೈರಿಗೆ ಮನಸ್ಸಿಗೆ ಬಂದ ಹಾಗೆ ಮೀಟರ್ ಹಿಡಿಯುವಂತಿಲ್ಲ, ಮೀಟರಿನ ಚೂರು ಕರೆಂಟಿಗೇ ಚೀಲ ಸಿಡಿದೀತು. ಅಂಥದ್ದರಲ್ಲೆಲ್ಲ ಅವನು ಬಹಳ ಹುಷಾರು. ಬೋಲ್ಟು ಬಿಚ್ಚಿ ಸೀಟನ್ನು ಹಿಂದಕ್ಕೆ ಮಗುಚಿದ. ಅಡಿಯಲ್ಲಿ ಹಳದಿ ಕನೆಕ್ಟರುಗಳು. ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದವನು ಕೂಗಿಯೇಬಿಟ್ಟ.

"ಸಿಕ್ಕಿಬಿದ್ದ! ಅಕ್ಕಾ, ಬಾ ಇಲ್ಲಿ, ಬಾ!"

ಕನೆಕ್ಟರಿನ ಒಳಗೆ ಒಂದು ಪಿನ್ನಿನ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಹಳೆಯ ನೆರೆಯ ನೀರಿನ ಕೆಲಸ. ಅಕ್ಕ ಬಗ್ಗಿ ನೋಡಿದಳು, ಬೆರಳಿನಿಂದ ಮುಟ್ಟಿ ನೋಡಿದಳು.

"ಇದರಿಂದಾನೇನೋ?"

"ಇನ್ನೇನು ಮತ್ತೆ? ಇಷ್ಟು ಕಿಲುಬಿದ್ರೆ ನಿನ್ನ ತೂಕ ಕಂಪ್ಯೂಟರಿಗೆ ಅರ್ಧಂಬರ್ಧ ಮುಟ್ಟುತ್ತೆ. ನಿನ್ನಲ್ಲೇನೂ ಕಮ್ಮಿಯಾಗಿಲ್ಲ, ದಾರೀಲಿ ಸೋರಿಹೋಗ್ತಿದೆ, ಅಷ್ಟೇ."

ತಪ್ಪೊಂದು ಸಿಕ್ಕಿತೆಂದ ಮಾತ್ರಕ್ಕೆ ತಾನು ಹುಡುಕುತ್ತಿದ್ದ ತಪ್ಪು ಅದೇ ಎಂದು ತಿಳಿಯಬಾರದು. ಇದನ್ನು ಅವನೇ ಬೇರೆಯವರಿಗೆ ಎಷ್ಟು ಸಲ ಹೇಳಿದ್ದನೋ. ಆ ಹೊತ್ತಿನಲ್ಲಿ ಅದೆಲ್ಲ ಎಲ್ಲಿ ಹೋಗಿತ್ತೋ! ಹಸಿರು ಕಂಡ ಸಂತೋಷಕ್ಕೆ ಕಣ್ಣು ಕಟ್ಟಿತು.

ಅಕ್ಕನ ಮುಖ ಅರಳಿತು. ಅವಳು ಅಷ್ಟು ಹಗುರಾಗಿ ನಕ್ಕು ಎಷ್ಟು ಕಾಲವಾಗಿತ್ತೋ. ಮೆಷಿನ್ನಿಗೆ ಹೋಗಿ ಏನೋ ಗುನುಗಿಕೊಂಡು ಪೆಡಲು ತುಳಿಯತೊಡಗಿದಳು. ಕಿಲುಬು ಉಜ್ಜಿ, ಸೀಟು ಕೂರಿಸುತ್ತ ಕರೆಂಟು ಕೇಳಿದ: "ನಾಳೆ ಆಸ್ಪತ್ರೆ ಅಂದೆಯಲ್ಲ?"

"ಹೋಗ್ಲಿ ಬಿಡೋ. ಬರೀ ಗ್ಯಾಸು ಇರ್ಬೇಕು. ಇಲ್ಲಿ ಹೊಲಿಗೆ ರಾಶಿ ಬಿದ್ದಿದೆ."

ಆ ಸಂಜೆ ದೀಪ ಬರಲಿಲ್ಲ. ಮನೆಯಲ್ಲಿ ಕತ್ತರಿಸಲೆಂದು ರೆಕ್ಸಿನ್ ಬಟ್ಟೆಯ ದಪ್ಪ ಸುರುಳಿಯೊಂದನ್ನು ಅಕ್ಕ ತೊಡೆಯ ಮೇಲಿಟ್ಟುಕೊಂಡಿದ್ದಳು. ಭಾವ ಸ್ಟೀರಿಂಗ್ ಬಡಿದು, "ಭಲೇ ಕರೆಂಟು! ನಮ್ಮ ಪಾಪು ದೊಡ್ಡೋಳಾದ್ಲು!" ಎಂದ.

ಹೊಲಿಗೆಯ ರಾಶಿ ಕರಗುವ ತನಕ ದಿನಾ ಸಂಜೆ ಅಂಥದ್ದೊಂದು ಸುರುಳಿ ಅವಳ ತೊಡೆಯ ಮೇಲಿರುತ್ತಿತ್ತು. ಕೆಲವು ದಿನಗಳ ಮೇಲೆ ದೀಪ ಮತ್ತೆ ಬಂತು. ಈ ಸಲ ಬೆಳಿಗ್ಗೆಯೂ ಬಂತು, ಸಂಜೆಯೂ ಬಂತು. ಕ್ಯಾರಿಯರಿನ ಭಾರವೂ ಅಕ್ಕನನ್ನು ಗೆರೆ ದಾಟಿಸದೆ ಹೋಗಿತ್ತು. ಕರೆಂಟಿಗೆ ಅವಮಾನವಾಯಿತು. ತಾನು ಸರಿಮಾಡಿದ್ದು ಮತ್ತೆ ಕೆಟ್ಟರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ತಾನು ಕೂತು ನೋಡಿದರೆ ದೀಪವಿಲ್ಲ, ಭಾವ ಕೂತರೆ ದೀಪವಿಲ್ಲ. ಚಾಪೆಯೇ ಅರ್ಧ ಸತ್ತಿದೆ, ಹಗುರವಾದವರನ್ನು ತಿಳಿಯುವ ಶಕ್ತಿ ಅದಕ್ಕೆ ಹೋಗಿದೆ ಎಂದು ತೀರ್ಮಾನಿಸಿದ. ಹೊಸ ಚಾಪೆ ಆ ಮಾಡೆಲಿಗೆ ಎಲ್ಲೂ ಸಿಗುತ್ತಿರಲಿಲ್ಲ.

ಆಗ ಅವನು ಮಾಡಿದ ಕೆಲಸವನ್ನು ಅವನ ಕಸುಬಿನವರು ಸೀಟಿಗೆ ಸುಳ್ಳು ಹೇಳಿಸುವುದು ಎನ್ನುತ್ತಾರೆ. ಚಾಪೆಯಿಂದ ಬರುವ ವೈರನ್ನು ಕತ್ತರಿಸಿ ಅಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ರೆಸಿಸ್ಟರ್ ಒಂದನ್ನು ಬೆಸೆದುಬಿಟ್ಟರೆ ಆಯಿತು. ಯಾರು ಕೂತರೂ, ಯಾರೂ ಕೂರದಿದ್ದರೂ, ಅಲ್ಲಿ ಒಬ್ಬ ದೊಡ್ಡ ಮನುಷ್ಯ ಕೂತಿದ್ದಾನೆ ಎಂದೇ ಕಂಪ್ಯೂಟರ್ ನಂಬುತ್ತದೆ. ಮಗುವನ್ನು ಕೂರಿಸುವವರ ಕಾರಾಗಿದ್ದರೆ ಅವನು ಸತ್ತರೂ ಇದನ್ನು ಮಾಡುತ್ತಿರಲಿಲ್ಲ. ಆದರೆ ಈ ಮನೆಯಲ್ಲಿ ಮಕ್ಕಳೆಲ್ಲಿದ್ದರು?

ಸೀಟಿನ ಕವರ್ ಬಿಚ್ಚಿಕೊಟ್ಟವಳು ಅಕ್ಕ. ಅವನು ಬೆಸೆದು, ಟೇಪು ಸುತ್ತಿ, ವೈರನ್ನು ಸ್ಪಂಜಿನ ಒಳಗೆ ತುರುಕಿದ ಮೇಲೆ ಮತ್ತೆ ಹೊಲಿದು ಮುಚ್ಚಿದವಳೂ ಅವಳೇ. ಬಾಗಿದ ಸೂಜಿಯಿಂದ ನೀಟಾಗಿ, ಹೊಲಿಗೆ ಕಾಣಿಸದ ಹಾಗೆ ಹೊಲಿದಳು. ಹೊಲಿಯುವಾಗ ಎರಡು ಸಲ ನಿಲ್ಲಿಸಿ ಹೊಟ್ಟೆ ಒತ್ತಿಕೊಂಡಳು. ಅವನು ಉಪಕರಣ ಜೋಡಿಸಿಡುತ್ತಿದ್ದ.

ಅಲ್ಲಿಗೆ ದೀಪದ ಬಾಯಿ ಮುಚ್ಚಿತು. ಬಿಸಿಲುಗಾಲ ಕಳೆದು ಮಳೆ ಬಂದು ಹೋಯಿತು, ಚಳಿ ಬಂತು. ಅಕ್ಕ ಸ್ವೆಟರ್ ಹಾಕಿಕೊಂಡಳು, ಅದರ ಮೇಲೆ ಇನ್ನೊಂದು ಹಾಕಿಕೊಂಡಳು. ಊಟ ಎಲ್ಲರಿಗೂ ಬಡಿಸಿ "ನನ್ನದಾಯ್ತು" ಎನ್ನುತ್ತಿದ್ದಳು. ಭಾವ ಒಮ್ಮೆ, "ಏನೇ, ಕೆನ್ನೆ ಒಳಗೆ ಹೋಗಿದೆ?" ಎಂದದ್ದಕ್ಕೆ, "ವಯಸ್ಸಾಯ್ತಲ್ಲ, ಇನ್ನೂ ಹುಡುಗಿ ಹಾಗಿರ್ತೀನಾ?" ಎಂದು ಬಾಯಿ ಮುಚ್ಚಿಸಿದಳು. ಅವನು ನಂಬಿದ. ನಂಬುವುದು ಸುಲಭವಿತ್ತು.

ಹೀಗಿರುವಾಗ ಔಷಧಿ ಅಂಗಡಿಯವನೊಬ್ಬ ತನ್ನ ಹೊಸ ಕಾರನ್ನು ತಂದು ನಿಲ್ಲಿಸಿದ. ಹಾರ್ನು ಕೂಗುತ್ತಿರಲಿಲ್ಲ, ಜೊತೆಗೆ ಸೀಟುಗಳಿಗೆ ಕವರ್ ಬೇಕಿತ್ತು. ಕರೆಂಟು ಕೀ ತಿರುಗಿಸಿ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದ್ದ. ಅಕ್ಕ ಅಳತೆಯ ಟೇಪು ಹಿಡಿದು ಬಂದು ಪಕ್ಕದ ಸೀಟಿನಲ್ಲಿ ಕೂತು ತಲೆದಿಂಬಿನ ಅಳತೆ ತೆಗೆಯುತ್ತಿದ್ದಳು. ಡ್ಯಾಶ್‌ಬೋರ್ಡಿನ ಮೇಲೆ ಹಳದಿ ದೀಪ ಹೊತ್ತಿಕೊಂಡಿತು.

ಅದೇ ದೀಪ. ಅದೇ ಮಾತು.

"ಅರೆ! ಇದಕ್ಕೂ ಅದೇ ರೋಗ!" ಎಂದು ಕರೆಂಟು ತಲೆ ಹೊರಗೆಳೆದು ನೋಡಿ ನಕ್ಕ. ನಗುತ್ತಿದ್ದ ಹಾಗೆಯೇ ಅವನ ಕೈ ನಿಂತಿತು. ಈ ಕಾರು ನೀರು ಕಂಡದ್ದಲ್ಲ. ಬಿಸಿಲಲ್ಲಿ ನಿಂತದ್ದಲ್ಲ. ಸೀಟಿನ ಪ್ಲಾಸ್ಟಿಕ್ಕನ್ನೇ ಇನ್ನೂ ಹರಿದಿರಲಿಲ್ಲ.

"ಅಕ್ಕ, ಸ್ವಲ್ಪ ಇಳಿ."

ಅವಳು ಇಳಿದಳು. ದೀಪ ಆರಿತು.

"ಭಾವ, ಒಂದು ನಿಮಿಷ ಇಲ್ಲಿ ಬಂದು ಕೂತ್ಕೊಳ್ಳಿ."

ಭಾವ ಕೈ ಒರೆಸಿಕೊಳ್ಳುತ್ತ ಬಂದು ಕೂತ. ದೀಪ ಬರಲಿಲ್ಲ. ಅವನು ಎದ್ದ ಮೇಲೆ ಕರೆಂಟು ತಾನೇ ಕೂತ. ಆಗಲೂ ಬರಲಿಲ್ಲ.

"ಅಕ್ಕ, ಮತ್ತೆ ಕೂತ್ಕೋ."

ಅಕ್ಕನಿಗೆ ಅರ್ಥವಾಗಿತ್ತು. ಕೂರಲು ಹಿಂಜರಿದಳು, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. "ಬೇಡ ಬಿಡೋ, ಅಳತೆ ಆಯ್ತು" ಎಂದಳು. ಅವನು ಅವಳ ಕೈಹಿಡಿದು ಕೂರಿಸಿದ. ಹಿಡಿದಾಗ ಗೊತ್ತಾಯಿತು, ಎರಡು ಸ್ವೆಟರಿನ ಒಳಗೆ ತೋಳೇ ಇರಲಿಲ್ಲ, ಬರೀ ಮೂಳೆ ಸಿಕ್ಕಿತು. ದೀಪ ಹೊತ್ತಿಕೊಂಡಿತು.

ಬೆಳಿಗ್ಗೆ ಇಲ್ಲ, ಸಂಜೆ ಇದೆ. ತುಂಬಿದ ಕ್ಯಾರಿಯರ್, ಖಾಲಿ ಕ್ಯಾರಿಯರ್. ಆ ಸಂಜೆಯ ರೆಕ್ಸಿನ್ ಸುರುಳಿ. ದೋಷವಿಲ್ಲ, ದೋಷವಿಲ್ಲ ಎಂದು ಬಡಿದುಕೊಂಡ ಸ್ಕ್ಯಾನರ್. ಎಲ್ಲವೂ ಒಟ್ಟಿಗೇ ಬಂದು ತಲೆಯ ಮೇಲೆ ಬಿದ್ದವು. ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

"ಏನಾಯ್ತೋ?" ಎಂದ ಭಾವ.

"ಭಾವ, ಆಸ್ಪತ್ರೆಗೆ ಹೋಗೋಣ. ಈಗಲೇ."

"ಯಾರಿಗೋ? ನಿನಗಾ?"

ಕರೆಂಟು ಅಕ್ಕನ ಕಡೆ ಕೈ ತೋರಿಸಿದ. ಅಕ್ಕನೇ, "ನನಗೆ ಕಣ್ರೀ" ಎಂದಳು.

ಆಸ್ಪತ್ರೆಯಲ್ಲಿ ತೂಕ ನೋಡಿದರು, ರಕ್ತ ತೆಗೆದರು, ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಪರದೆಯ ಮೇಲೆ ನೋಡಿದರು. ಮತ್ತೆ ಬರಹೇಳಿದರು, ಗಂಟಲಿನಿಂದ ಕೊಳವೆ ಇಳಿಸಿದರು. ಕಡೆಗೆ ಡಾಕ್ಟರಮ್ಮ ಮೂವರನ್ನೂ ಒಳಗೆ ಕರೆದರು. ಚಿಕ್ಕ ಕೋಣೆ, ಕೈತೊಳೆಯುವ ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಎರಡೇ ಕುರ್ಚಿ, ಕರೆಂಟು ಗೋಡೆಗೆ ಒರಗಿ ನಿಂತ.

"ಹೊಟ್ಟೇಲಿ ಗಂಟಿದೆ. ಒಳ್ಳೇದಲ್ಲ ಅದು" ಎಂದರು ಡಾಕ್ಟರಮ್ಮ. ಮೆಲ್ಲಗೆ ಹೇಳಿದರು, ಆದರೆ ತಿರುಚಿ ಹೇಳಲಿಲ್ಲ. "ಎಷ್ಟು ಬೇಗ ಬೆಳೀತಿದೆ ಅಂತ ತಿಳ್ಕೋಬೇಕು, ಔಷಧಿ ಅದರ ಮೇಲೆ ನಿರ್ಧಾರ ಮಾಡ್ತೀವಿ. ತೂಕ ಇಳಿಯೋಕೆ ಶುರುವಾಗಿದ್ದು ಯಾವಾಗ?"

"ಈ ಒಂದು ತಿಂಗಳಿಂದ ಇರ್ಬೇಕು" ಎಂದಳು ಅಕ್ಕ.

ಭಾವ ತಲೆಯಾಡಿಸಿದ. "ಹೌದು ಡಾಕ್ಟ್ರೇ, ಇತ್ತೀಚೆಗೇ. ಅದಕ್ಕೆ ಮುಂಚೆ ಚೆನ್ನಾಗೇ ಇದ್ಲು."

ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ಅಕ್ಕ ಒಂದು ಕ್ಷಣ ತಲೆಯೆತ್ತಿ ತಮ್ಮನನ್ನು ನೋಡಿದಳು. ಸುಮ್ಮನಿರು ಎಂಬ ನೋಟ ಅದು. ಚಿಕ್ಕಂದಿನಲ್ಲಿ ಅವನು ಏನಾದರೂ ಒಡೆದಾಗ, ಬೆಕ್ಕು ಒಡೆಯಿತು ಎಂದು ಬೇರೆಯವರಿಗೆ ಹೇಳುತ್ತ ಹೀಗೆಯೇ ನೋಡುತ್ತಿದ್ದಳು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವನಿಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಆದರೆ ಬರೆದುಕೊಳ್ಳುತ್ತಿದ್ದದ್ದು ಸುಳ್ಳು, ಆ ಸುಳ್ಳಿನ ಮೇಲೆ ಔಷಧಿ ಕೊಡುವವರಿದ್ದರು. ಇನ್ನೊಂದು ಸಲ ತಪ್ಪು ದಾರಿ ತೋರಿಸಲು ಅವನಿಂದಾಗಲಿಲ್ಲ.

"ಒಂದು ತಿಂಗಳಲ್ಲ" ಎಂದ. ಅವನ ದನಿ ಅವನಿಗೇ ಬೇರೆಯವರದ್ದೆನ್ನಿಸಿತು. "ಬೇಸಿಗೆಯಿಂದ. ಬೇಸಿಗೇಲೇ ಊಟ ಇಳೀತಿರ್ಲಿಲ್ಲ. ಆಸ್ಪತ್ರೆಗೆ ಹೋಗ್ತೀನಿ ಅಂದ್ಲು. ನಾನು, ನಿನಗೇನೂ ಆಗಿಲ್ಲ, ಸೀಟು ಕೆಟ್ಟಿದೆ ಅಂದೆ."

"ಯಾವ ಸೀಟು?" ಎಂದರು ಡಾಕ್ಟರಮ್ಮ.

ಭಾವ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಕರೆಂಟನ್ನು ನೋಡಿದ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೀಟು ಬಿಚ್ಚಿದ್ದನ್ನು, ಹಸಿರು ಪಿನ್ನನ್ನು, ಹೊಲಿದು ಮುಚ್ಚಿದ್ದನ್ನು ಅವನೂ ಬಲ್ಲ. ಪಾಪು, ಪಾಪು ಎಂದು ರೇಗಿಸಿದವನೂ ಅವನೇ. ಅವನು ಡಾಕ್ಟರಮ್ಮನ ಕಡೆ ತಿರುಗಿ ಕೇಳಿದ.

"ಬೇಸಿಗೇಲೇ ಕರ್ಕೊಂಡು ಬಂದಿದ್ರೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆಗ ಕೊಯ್ದು ತೆಗೆಯೋ ಹಾಗಿತ್ತೇನೋ. ಈಗ ಲಿವರಿಗೂ ಹೋಗಿದೆ."

ಕರೆಂಟು ಬೈಗುಳಕ್ಕಾಗಿ ಕಾದ. ಕಾರಿನಲ್ಲಿ ಕಾದ, ಮನೆಯಲ್ಲಿ ಕಾದ. ಭಾವ ಬೈಯಲಿಲ್ಲ, ಕೈಯೆತ್ತಲಿಲ್ಲ, ಮಾತೇ ಆಡಲಿಲ್ಲ. ತಮಾಷೆಯ ಮನುಷ್ಯ ತಮಾಷೆ ಬಿಟ್ಟರೆ ಮನೆ ಎಷ್ಟು ಹಾಳು ಬಡಿಯುತ್ತದೆ ಎಂದು ಆಗ ತಿಳಿಯಿತು. ಅವನು ಬೆಳಿಗ್ಗೆ ಎದ್ದು ಹೆಂಡತಿಗೆ ಗಂಜಿ ಕಾಯಿಸಿ, ಮುಖ ತೊಳೆಸಿ, ಗ್ಯಾರೇಜಿಗೆ ನಡೆದೇ ಹೋಗುತ್ತಿದ್ದ. ಆ ಕಾರನ್ನು ಇಬ್ಬರೂ ಮುಟ್ಟಲಿಲ್ಲ. ಆಸ್ಪತ್ರೆಗೆ ಹೋಗಿಬರಲು ಬಾಡಿಗೆ ಗಾಡಿ ತರಿಸುತ್ತಿದ್ದರು.

ಔಷಧಿ ಹತ್ತಲಿಲ್ಲ. ಅಕ್ಕನ ಕೂದಲು ಹೋಯಿತು, ಬೆರಳುಗಳಿಗೆ ಸೂಜಿ ಹಿಡಿಯುವ ಬಲ ಹೋಯಿತು. ಬಟ್ಟೆ ಬಿಗಿ ಮಾಡಿಕೊಳ್ಳುವವರಿಲ್ಲದೆ ಈಗ ಜೋಲಾಡುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯ ಪಕ್ಕದ ಮಂಚದ ಮೇಲೆ ಅವಳು ಎಚ್ಚರವಾಗಿ ಮಲಗಿದ್ದಳು. ಕರೆಂಟು ಕೆಳಗೆ ಚಾಪೆಯ ಮೇಲೆ ಕೂತು ಅವಳ ಪಾದ ತಿಕ್ಕುತ್ತಿದ್ದ. ತಿಕ್ಕುತ್ತ ತಿಕ್ಕುತ್ತ ತಲೆಯನ್ನು ಅವಳ ಪಾದದ ಮೇಲಿಟ್ಟುಬಿಟ್ಟ.

"ಬೈಯಕ್ಕ. ಒಂದ್ಸಲ ಬಾಯ್ತುಂಬ ಬೈದುಬಿಡು. ನನ್ನಿಂದ ತಡ್ಕೊಳ್ಳೋಕಾಗಲ್ಲ."

"ಏನಂತ ಬೈಲೋ? ನೀನು ಸೀಟಿಗೆ ಸುಳ್ಳು ಹೇಳಿಸಿದೆ, ನಾನು ಬಟ್ಟೆಗೆ ಸುಳ್ಳು ಹೇಳಿಸಿದೆ. ಇಬ್ಬರೂ ಕೈಕೆಲಸದಲ್ಲಿ ಭಾರಿ ಜಾಣರು." ಅವಳು ನಗಲು ನೋಡಿದಳು, ಕೆಮ್ಮು ಬಂತು. ಅವನು ನೀರು ಕುಡಿಸಿದ. ಒಂದು ಗುಟುಕು ಒಳಗೆ ಹೋಯಿತು, ಉಳಿದದ್ದು ಗಲ್ಲದ ಮೇಲೆ ಇಳಿಯಿತು. ಒರೆಸಿಕೊಂಡು ಸುಧಾರಿಸಿಕೊಂಡು ಅವಳು ಹೇಳಿದಳು:

"ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ ಪುಟ್ಟ. ಆ ಹಸಿರು ನೋಡಿದ ಮೇಲೆ ನೋವು ನಿಂತಿರ್ಲಿಲ್ಲ. ಜಾಸ್ತೀನೇ ಆಯ್ತು. ಎಷ್ಟೋ ಸಲ ಚಪ್ಪಲಿ ಮೆಟ್ಕೊಂಡು ಆಸ್ಪತ್ರೆಗೆ ಅಂತ ಹೊರಟಿದ್ದೀನಿ. ಬಾಗಿಲ ತನಕ ಹೋಗಿ ವಾಪಸು ಬಂದೆ."

"ಯಾಕಕ್ಕ?"

"ಹೋದ್ರೆ ನೀನು ಹೇಳಿದ್ದು ಸುಳ್ಳು ಅಂತಾಗ್ತಿತ್ತಲ್ಲೋ. ಅದು ನಿಜ ಆಗ್ಲಿ ಅಂತ ಕಾಯ್ತಿದ್ದೆ. ನೀನು ಯಾವತ್ತು ತಪ್ಪು ಹೇಳಿದ್ದೆ?"

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಸುಸ್ತಾಯಿತು, ಕಣ್ಣು ಮುಚ್ಚಿಕೊಂಡಳು. ಕರೆಂಟು ಅವಳ ಪಾದಗಳನ್ನು ತಬ್ಬಿಕೊಂಡು, ಅವಳಿಗೆ ಕೇಳಿಸದಿರಲೆಂದು ಬಾಯಿಗೆ ಹೊದಿಕೆಯ ಅಂಚು ಒತ್ತಿಕೊಂಡು ಅತ್ತ.